ಪಕ್ಕದಲ್ಲಿ ಇನ್ನೊಂದು ಗುಂಪು: ವಯಸ್ಕರ ದೀರ್ಘಕಾಲಿಕ ಸೈನಸೈಟಿಸ್ ಕುರಿತ ಸಂಶೋಧನೆ



ವೈದ್ಯಕೀಯದ ಬಗ್ಗೆ ದತ್ತಿ ಉಪನ್ಯಾಸವೆಂದರೆ ಹೃದ್ರೋಗವೋ ಕ್ಯಾನ್ಸರೋ ಮಧುಮೇಹವೋ ಇರಲಿ ಎಂದು ಜನ ನಿರೀಕ್ಷಿಸುತ್ತಾರೆ. ನಾನು ಆರಿಸಿಕೊಂಡಿರುವುದು ಮೂಗು ಕಟ್ಟುವ ಕಾಯಿಲೆಯನ್ನು. ಇದರಿಂದ ಸಾಯುವವರು ತೀರ ಅಪರೂಪ, ಇದರೊಡನೆ ವರ್ಷಗಟ್ಟಲೆ ಏಗುವವರು ಅಸಂಖ್ಯ. ಯುರೋಪಿನ ಗ್ಯಾಲೆನ್ ಎಂಬ ಸಂಶೋಧನಾ ಜಾಲ 12 ದೇಶಗಳ ಸುಮಾರು 57 ಸಾವಿರ ಜನರನ್ನು ವಿಚಾರಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ನೂರಕ್ಕೆ ಸುಮಾರು 11 ಮಂದಿ ದೀರ್ಘಕಾಲಿಕ ಸೈನಸೈಟಿಸ್‌ನ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಇಷ್ಟು ಜನರ ನಿದ್ದೆ ಕೆಡಿಸುವ, ಊಟದ ರುಚಿ ಕಸಿಯುವ ಕಾಯಿಲೆಗೆ ಒಂದು ಸಂಜೆ ಕೊಡಬಹುದು ಎಂದುಕೊಂಡೆ.

ಇನ್ನೊಂದು ಕಾರಣವೂ ಇದೆ. ಚಿಕಿತ್ಸೆಯ ಬಗ್ಗೆ ವೈದ್ಯರಿಗಿದ್ದ ಗಟ್ಟಿ ನಂಬಿಕೆಗಳು ಈ ಕಾಯಿಲೆಯ ವಿಷಯದಲ್ಲಿ ಅಲುಗಾಡಿದಷ್ಟು ಸಲ ಬೇರೆ ಕಡೆ ಅಲುಗಾಡಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಅಲುಗಾಡಿಸಿದ್ದು ಬಹುಮಟ್ಟಿಗೆ ಒಂದೇ ಸಂಗತಿ. ಚಿಕಿತ್ಸೆ ಪಡೆದವರ ಪಕ್ಕದಲ್ಲಿ ಅದನ್ನು ಪಡೆಯದವರನ್ನು, ರೋಗಿಗಳ ಪಕ್ಕದಲ್ಲಿ ಆರೋಗ್ಯವಂತರನ್ನು ಕೂರಿಸಿ ನೋಡಿದ್ದು. ಇಂದಿನ ನನ್ನ ಮಾತೆಲ್ಲ ಈ ಹೋಲಿಕೆಯ ಸುತ್ತಲೇ ಇರುತ್ತದೆ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಸೈನಸ್ ತೊಂದರೆ ಬೇರೆಯದೇ ಕಥೆ, ಅದನ್ನು ಮುಟ್ಟುವುದಿಲ್ಲ. 2021ರಲ್ಲಿ ಕೋವಿಡ್ಡಿನ ಬೆನ್ನಲ್ಲೇ ನಮ್ಮನ್ನೆಲ್ಲ ಹೆದರಿಸಿದ ಕಪ್ಪು ಶಿಲೀಂಧ್ರವೂ ಇಲ್ಲಿ ಬರುವುದಿಲ್ಲ. ಅದು ದಿನಗಳ ಲೆಕ್ಕದಲ್ಲಿ ಕಣ್ಣನ್ನೂ ಪ್ರಾಣವನ್ನೂ ಕೊಂಡೊಯ್ಯುವ ತುರ್ತು ರೋಗ. ವಯಸ್ಕರಲ್ಲಿ 12 ವಾರ ಮೀರಿಯೂ ಬಿಡದೆ ಕಾಡುವ ಸೈನಸೈಟಿಸ್ ನನ್ನ ವಿಷಯ. ರೋಗವನ್ನು ಗುರುತಿಸುವುದು, ಶಸ್ತ್ರಚಿಕಿತ್ಸೆ ದಿಕ್ಕು ಬದಲಿಸಿದ್ದು, ಶಿಲೀಂಧ್ರ ಮತ್ತು ಆಂಟಿಬಯಾಟಿಕ್‌ಗಳ ಪ್ರಕರಣ, ಕೊನೆಗೆ ಮನೆಯ ಹಬೆಯಿಂದ ಹೊಸ ಚುಚ್ಚುಮದ್ದಿನವರೆಗಿನ ಪರೀಕ್ಷೆಗಳು, ಈ ಕ್ರಮದಲ್ಲಿ ಸಾಗುತ್ತೇನೆ.

ಮೊದಲಿಗೆ ರೋಗವನ್ನು ಗುರುತಿಸುವ ಮಾತು.

ಮೂಗಿನ ಸುತ್ತ ಮೂಳೆಯೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಕೆನ್ನೆಯ ಹಿಂದೆ ದೊಡ್ಡವು ಎರಡು, ಹುಬ್ಬಿನ ಮೇಲೆ ಎರಡು, ಕಣ್ಣುಗಳ ನಡುವೆ ಸಣ್ಣ ಸಣ್ಣ ಕೋಣೆಗಳ ಗುಂಪುಗಳು, ತಲೆಯ ನಡುಭಾಗದಲ್ಲಿ ಆಳಕ್ಕೆ ಇನ್ನೊಂದು ಜೊತೆ. ಇವೇ ಸೈನಸ್‌ಗಳು. ಯುರೋಪಿನ ತಜ್ಞರು 2005ರಲ್ಲಿ ಮೊದಲು ಹೊರತಂದು 2020ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಪ್ರಕಾರ, ಮೂಗು ಕಟ್ಟುವುದು ಇಲ್ಲವೇ ಸಿಂಬಳ ಮುಂದಕ್ಕೋ ಗಂಟಲಿಗೋ ಇಳಿಯುವುದು, ಇವೆರಡರಲ್ಲಿ ಒಂದಾದರೂ ಇರಲೇಬೇಕು. ಅದರ ಜೊತೆಗೆ ಮುಖದ ನೋವು ಅಥವಾ ಭಾರ, ವಾಸನೆ ಕುಂದುವುದು ಇವುಗಳಲ್ಲೊಂದು ಸೇರಬಹುದು. ಒಟ್ಟಿನಲ್ಲಿ ಎರಡು ಲಕ್ಷಣಗಳು, 12 ವಾರಗಳ ಕಾಲ. ಇಷ್ಟಿದ್ದರೂ ಸಾಲದು; ಎಂಡೋಸ್ಕೋಪಿಯಲ್ಲೋ ಸಿ.ಟಿ. ಸ್ಕ್ಯಾನಿನಲ್ಲೋ ಅದಕ್ಕೆ ಸಾಕ್ಷಿ ಸಿಗಬೇಕು.

ಗಮನಿಸಿ, ತಲೆನೋವೊಂದೇ ಇದ್ದರೆ ಈ ಪಟ್ಟಿಯೊಳಗೆ ಪ್ರವೇಶವಿಲ್ಲ. ನಮ್ಮಲ್ಲಾದರೋ ‘ನನಗೆ ಸೈನಸ್ ಇದೆ’ ಎನ್ನುವವರಲ್ಲಿ ಅನೇಕರಿಗೆ ಇರುವುದು ತಲೆನೋವು ಮಾತ್ರ. (ಸೈನಸ್ ಎಲ್ಲರಿಗೂ ಇದೆ ಎಂಬ ಹಳೆಯ ಹಾಸ್ಯವನ್ನು ನಮ್ಮ ವಿಭಾಗದ ವೈದ್ಯರು ಇನ್ನೂ ಬಿಟ್ಟಿಲ್ಲ.) ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಸುಮಾರು ಮೂರು ಸಾವಿರ ಮಂದಿಯನ್ನು ಪರೀಕ್ಷಿಸಿದರು. ಎಲ್ಲರೂ ತಮ್ಮದು ಸೈನಸ್ ತಲೆನೋವೆಂದು ತಾವೇ ನಿರ್ಧರಿಸಿದವರು ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡವರು. ಅವರಲ್ಲಿ ನೂರಕ್ಕೆ 88 ಮಂದಿಯ ನೋವು ಮೈಗ್ರೇನಿನ ಲಕ್ಷಣಗಳಿಗೆ ಹೊಂದುತ್ತಿತ್ತು. ಮೈಗ್ರೇನಿನಲ್ಲೂ ಮೂಗು ಸೋರುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಕೆನ್ನೆ ಭಾರವಾಗುತ್ತದೆ, ಮೋಸಹೋಗುವುದು ಸಹಜ. ಆದರೆ ಆ ರೋಗಿ ತಿಂಗಳುಗಟ್ಟಲೆ ನುಂಗಿದ ಆಂಟಿಬಯಾಟಿಕ್ ಮಾತ್ರೆಗಳಿಗೆ ಯಾರು ಹೊಣೆ?

ಹಾಗಾದರೆ ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ತೀರಿತಲ್ಲ ಎನ್ನಬಹುದು. ಸ್ಕ್ಯಾನನ್ನು ಅಂಕದಲ್ಲಿ ಹೇಳುವ ಲಂಡ್–ಮಕೈ ಪದ್ಧತಿ 1993ರಿಂದ ಬಳಕೆಯಲ್ಲಿದೆ. ಪೂರ್ತಿ ಸ್ವಚ್ಛವಾಗಿದ್ದರೆ ಸೊನ್ನೆ, ಎಲ್ಲ ಗೂಡುಗಳೂ ತುಂಬಿದ್ದರೆ 24. ಸೈನಸ್ ತೊಂದರೆಯೇ ಇಲ್ಲದೆ ಬೇರೆ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಈ ಅಂಕ ಹಾಕಿ ನೋಡಿದಾಗ ಅವರ ಸರಾಸರಿಯೂ ಸುಮಾರು 4 ಬಂತು. ಆರೋಗ್ಯವಂತರ ಗುಂಪನ್ನು ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ತಿಳಿಯುವ ಸತ್ಯವಿದು. ಸಣ್ಣ ನೆಗಡಿಯೊಂದು ಹಾದುಹೋಗಿದ್ದರೂ ಸ್ಕ್ಯಾನಿನಲ್ಲಿ ಅದರ ನೆರಳು ಉಳಿದಿರುತ್ತದೆ. ‘ಮ್ಯೂಕೋಸಲ್ ಥಿಕನಿಂಗ್’ ಎಂಬ ವರದಿಯ ಸಾಲನ್ನು ಓದಿ ಗಾಬರಿಯಾಗಿ ಬಂದವರಿಗೆ ನಾನು ಇದನ್ನು ಅನೇಕ ಸಲ ವಿವರಿಸಿದ್ದೇನೆ.

ಸ್ಕ್ಯಾನಿನ ಅಂಕ ಎಷ್ಟೋ, ರೋಗಿಯ ಕಷ್ಟವೂ ಅಷ್ಟೇ ಎನ್ನುವಂತಿಲ್ಲ. ಸ್ಕ್ಯಾನಿನಲ್ಲಿ 20 ಇರುವವನು ಕೆಲಸಕ್ಕೆ ಹೋಗುತ್ತಿರುತ್ತಾನೆ, 8 ಇರುವವಳು ಹಾಸಿಗೆ ಹಿಡಿದಿರುತ್ತಾಳೆ. ಹೀಗಾಗಿ ಸಂಶೋಧಕರು ರೋಗಿಯನ್ನೇ ಕೇಳುವ ದಾರಿ ಹಿಡಿದರು. ಸ್ನಾಟ್–22 ಎಂಬ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ, ಒಂದೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ, ಒಟ್ಟು 110. ಮೂಗಿನ ಪ್ರಶ್ನೆಗಳ ಜೊತೆಗೆ ರಾತ್ರಿ ಎಚ್ಚರವಾಗುವುದು, ಬೆಳಿಗ್ಗೆ ಏಳುವಾಗಲೇ ಆಯಾಸ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ನಾಲ್ಕು ಜನರ ನಡುವೆ ಮುಜುಗರ, ಇವೂ ಅದರಲ್ಲಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕದಿಂದ ಇನ್ನೊಂದು ಉಪಯುಕ್ತ ಸಂಖ್ಯೆ ದೊರಕಿತು: ಅಂಕ ಸುಮಾರು 9 ಇಳಿದರೆ ಮಾತ್ರ ರೋಗಿಗೆ ‘ವಾಸಿ’ ಅನ್ನಿಸುತ್ತದೆ. ಈ 9ನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ನಮಗೆ ಅಳತೆಗೋಲು.

ಈಗ ಎರಡನೆಯ ಭಾಗಕ್ಕೆ, ಶಸ್ತ್ರಚಿಕಿತ್ಸೆಗೆ ಬರುತ್ತೇನೆ.

ಕೆನ್ನೆಯ ಸೈನಸ್ಸನ್ನು ವಿವರವಾಗಿ ವರ್ಣಿಸಿದವನು ಇಂಗ್ಲೆಂಡಿನ ನಥಾನಿಯೆಲ್ ಹೈಮೋರ್, 1651ರಲ್ಲಿ. ಆ ಗೂಡಿನಲ್ಲಿ ಕೀವು ತುಂಬಿದರೆ ಏನು ಮಾಡಬೇಕೆಂಬುದಕ್ಕೆ ವ್ಯವಸ್ಥಿತ ಉತ್ತರ ಬಂದದ್ದು 19ನೆಯ ಶತಮಾನದ ಕೊನೆಗೆ. ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಹೆನ್ರಿ ಲ್ಯೂಕ್ 1897ರಲ್ಲಿ, ಸ್ವತಂತ್ರವಾಗಿ ಒಂದೇ ಬಗೆಯ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಮೇಲ್ದುಟಿಯ ಒಳಗಿನಿಂದ ಮೂಳೆ ಕೊರೆದು, ಒಳಗಿನ ಪೊರೆಯನ್ನು ಕೆರೆದು ತೆಗೆದು, ಗೂಡಿನ ತಳದಿಂದ ಮೂಗಿಗೆ ಹೊಸ ಕಿಂಡಿ ಮಾಡುವುದು. ಕೆರೆಯ ನೀರು ಇಳಿಯಬೇಕಾದರೆ ತೂಬು ತಗ್ಗಿನಲ್ಲಿರಬೇಕು ಎಂಬಷ್ಟು ಸರಳ ತರ್ಕ. ಮುಕ್ಕಾಲು ಶತಮಾನ ಈ ತರ್ಕ ನಡೆಯಿತು. ಹಲವರಿಗೆ ಗುಣವೂ ಆಯಿತು, ಇನ್ನು ಹಲವರು ಮರವುಗಟ್ಟಿದ ಕೆನ್ನೆಯೊಂದಿಗೆ ಅದೇ ಸಿಂಬಳವನ್ನು ಹೊತ್ತು ಮರಳಿ ಬಂದರು.

ತರ್ಕ ಎಲ್ಲಿ ತಪ್ಪಿತ್ತು? ಕೆನ್ನೆಯ ಗೂಡಿನ ಸಹಜ ಬಾಯಿ ಇರುವುದು ತಳದಲ್ಲಲ್ಲ, ಒಳಗೋಡೆಯ ಮೇಲ್ಭಾಗದಲ್ಲಿ. ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ರೋಮಗಳಿವೆ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತವೆ. ಅವು ಲೋಳೆಯನ್ನು ಗುರುತ್ವಕ್ಕೆ ವಿರುದ್ಧವಾಗಿ ಮೇಲಕ್ಕೆ, ಆ ಸಹಜ ಬಾಯಿಯ ಕಡೆಗೇ ಹೊತ್ತೊಯ್ಯುತ್ತವೆ. ನೀವು ಕೆಳಗೆ ಎಷ್ಟೇ ದೊಡ್ಡ ಕಿಂಡಿ ಕೊರೆದರೂ ಲೋಳೆ ಅದರ ಅಂಚನ್ನು ಬಳಸಿಕೊಂಡು ಹಳೆಯ ದಾರಿಯಲ್ಲೇ ಹತ್ತುತ್ತದೆ. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಈ ಹರಿವನ್ನು ವರ್ಷಗಟ್ಟಲೆ ಕೂತು ಗಮನಿಸಿ ದಾಖಲಿಸಿದರು. ಮುಂಭಾಗದ ಗೂಡುಗಳ ಬಾಯಿಗಳೆಲ್ಲ ಬಂದು ಸೇರುವ ಇಕ್ಕಟ್ಟಿನ ಜಾಗವೊಂದು ಮೂಗಿನ ಪಕ್ಕದ ಗೋಡೆಯಲ್ಲಿದೆ. ಅಲ್ಲಿ ಎರಡು ಪೊರೆಗಳು ಊದಿ ಒಂದಕ್ಕೊಂದು ತಾಗಿದರೂ ಸಾಕು, ರೋಮಗಳು ನಿಲ್ಲುತ್ತವೆ, ಹಿಂದಿನ ದೊಡ್ಡ ಗೂಡು ಕೆಡುತ್ತದೆ. ಕೆಡುಕಿನ ಮೂಲ ಬಾಗಿಲಲ್ಲಿದೆ, ಕೋಣೆಯಲ್ಲಿಲ್ಲ ಎಂಬುದು ಅವರ ನಿಲುವು.

ಆ ಬಾಗಿಲನ್ನು ನೋಡಲು ಕಣ್ಣು ಬೇಕಿತ್ತು. ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ರೂಪಿಸಿದ ಗಾಜಿನ ಸರಳುಗಳ ಮಸೂರ ವ್ಯವಸ್ಥೆಯನ್ನು ಜರ್ಮನಿಯ ಕಾರ್ಲ್ ಸ್ಟೋರ್ಜ್ ಎಂಡೋಸ್ಕೋಪುಗಳಿಗೆ ಅಳವಡಿಸಿದ ಮೇಲೆ ಅದು ಸಾಧ್ಯವಾಯಿತು. ಮೆಸ್ಸರ್‌ಕ್ಲಿಂಗರ್ ಅವರ ಕೆಲಸವನ್ನು ಶಿಷ್ಯ ಹೈಂಝ್ ಸ್ಟಾಮ್‌ಬರ್ಗರ್ ಜಗತ್ತಿಗೆ ಕಲಿಸಿದರು; ಅಮೆರಿಕದ ಡೇವಿಡ್ ಕೆನೆಡಿ 1985ರಲ್ಲಿ ಇದಕ್ಕೆ ‘ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ’ ಎಂದು ಹೆಸರಿಟ್ಟರು. ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ‘ಫೆಸ್’ ಎಂದರೆ ರೋಗಿಗಳಿಗೇ ಗೊತ್ತು. ಹೊರಗೆ ಗಾಯವಿಲ್ಲ, ಪೊರೆಯನ್ನು ಕೆರೆಯುವುದಿಲ್ಲ, ಬಾಗಿಲನ್ನು ಅಗಲಿಸಿ ರೋಮಗಳು ತಮ್ಮ ಕೆಲಸಕ್ಕೆ ಮರಳಲು ಬಿಡುವುದು. ಆದರೆ ಒಂದು ಪಕ್ಕದಲ್ಲಿ ಕಣ್ಣು, ಮೇಲೆ ಮೆದುಳಿನ ಹೊದಿಕೆ. ಕಾಗದದಷ್ಟು ತೆಳು ಮೂಳೆ ಇವನ್ನು ಬೇರ್ಪಡಿಸುತ್ತದೆ. ಚಿಕ್ಕ ಶಸ್ತ್ರಕ್ರಿಯೆ ಎಂದು ಹಗುರಾಗಿ ಹೇಳುವವರನ್ನು ನಾನು ಒಪ್ಪುವುದಿಲ್ಲ.

ಈ ಹೊಸ ವಿಧಾನ ಇಷ್ಟು ಬೇಗ ಹಬ್ಬಿತು, ಆದರೆ ಶಸ್ತ್ರಕ್ರಿಯೆ ಮಾಡದೆ ಇದ್ದಿದ್ದರೆ ಆ ರೋಗಿ ಹೇಗಿರುತ್ತಿದ್ದ ಎಂಬ ಪ್ರಶ್ನೆಗೆ ದೊಡ್ಡ ಪರೀಕ್ಷೆಗಳ ಉತ್ತರ ಬರಲು ಸುಮಾರು ನಾಲ್ಕು ದಶಕಗಳೇ ಬೇಕಾದವು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂರನೆಯದಾಗಿ ಶಿಲೀಂಧ್ರಗಳ ಪ್ರಕರಣ. ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ತಂಡವೊಂದು ಹೊಸ ವಿಧಾನದಲ್ಲಿ ಮೂಗಿನ ಲೋಳೆಯನ್ನು ಸಂಗ್ರಹಿಸಿ ಪರೀಕ್ಷಿಸಿತು. ದೀರ್ಘಕಾಲಿಕ ಸೈನಸೈಟಿಸ್ ಇರುವವರಲ್ಲಿ ನೂರಕ್ಕೆ 96 ಮಂದಿಯಲ್ಲಿ ಶಿಲೀಂಧ್ರ ಸಿಕ್ಕಿತು. ಪತ್ರಿಕೆಗಳು ಸಂಭ್ರಮಿಸಿದವು, ಕಾರಣ ಸಿಕ್ಕಿಯೇಬಿಟ್ಟಿತು ಎಂದು. ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲಿತ್ತು. ಹೋಲಿಕೆಗೆಂದು ಪರೀಕ್ಷಿಸಿದ 14 ಆರೋಗ್ಯವಂತರ ಮೂಗಿನಲ್ಲೂ, ಒಬ್ಬರನ್ನೂ ಬಿಡದೆ, ಶಿಲೀಂಧ್ರವಿತ್ತು! ನಾವು ಉಸಿರಾಡುವ ಗಾಳಿಯಲ್ಲಿ ಶಿಲೀಂಧ್ರದ ಬೀಜಾಣುಗಳಿರುವಾಗ ಇದು ಅಚ್ಚರಿಯಲ್ಲ. ಸಂಶೋಧಕರ ವಾದ ಸ್ವಲ್ಪ ಸೂಕ್ಷ್ಮವಾಗಿತ್ತು: ಶಿಲೀಂಧ್ರ ಎಲ್ಲರಲ್ಲಿದ್ದರೂ ರೋಗಿಯ ದೇಹ ಮಾತ್ರ ಅದರ ಮೇಲೆ ಯುದ್ಧ ಹೂಡುತ್ತದೆ, ಆ ಯುದ್ಧವೇ ರೋಗ ಎಂದು. ಕಲ್ಪನೆ ಸೊಗಸಾಗಿತ್ತು. ಅದು ನಿಜವಾದರೆ ಶಿಲೀಂಧ್ರನಾಶಕ ಆಂಫೊಟೆರಿಸಿನ್ ದ್ರಾವಣದಿಂದ ಮೂಗು ತೊಳೆದಾಗ ರೋಗ ಇಳಿಯಬೇಕು. ಒಂದು ಸಣ್ಣ ಪರೀಕ್ಷೆಯಲ್ಲಿ ಸ್ಕ್ಯಾನ್ ಕೊಂಚ ಸುಧಾರಿಸಿತು. 2006ರಲ್ಲಿ ಯುರೋಪಿನ ಹಲವು ಕೇಂದ್ರಗಳು ಸೇರಿ ನೂರಕ್ಕೂ ಹೆಚ್ಚು ರೋಗಿಗಳಲ್ಲಿ, ಅರ್ಧ ಜನರಿಗೆ ಔಷಧ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಹುಸಿ ದ್ರಾವಣ ಕೊಟ್ಟು ಪರೀಕ್ಷಿಸಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಆ ಸಿದ್ಧಾಂತ ಅಲ್ಲಿಗೆ ಮಂಕಾಯಿತು.

ಆಂಟಿಬಯಾಟಿಕ್ಕಿನ ಕಥೆ ಜಪಾನಿನಿಂದ ಶುರುವಾಗುತ್ತದೆ. ಅಲ್ಲಿ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್ ಎಂಬ ಮಾರಕ ಶ್ವಾಸಕೋಶ ರೋಗವಿತ್ತು. ಟೋಕಿಯೊದ ಶೋಜಿ ಕುಡೊ 1980ರ ದಶಕದಲ್ಲಿ ಎರಿತ್ರೊಮೈಸಿನ್ನನ್ನು ಕಡಿಮೆ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಕೊಟ್ಟು ಆ ರೋಗಿಗಳ ಆಯುಷ್ಯವನ್ನೇ ಬದಲಿಸಿದರು. ಅವರ ಸೈನಸ್ ತೊಂದರೆಯೂ ಜೊತೆಗೇ ಇಳಿಯಿತು. ಎರಿತ್ರೊಮೈಸಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದಷ್ಟೇ ಅಲ್ಲದೆ ಉರಿಯೂತವನ್ನೂ ತಗ್ಗಿಸುತ್ತವೆ. ಹಾಗಾದರೆ ಎಲ್ಲ ದೀರ್ಘಕಾಲಿಕ ಸೈನಸೈಟಿಸ್‌ಗೂ ಕೊಡಬಹುದಲ್ಲವೇ? ಆಸ್ಟ್ರೇಲಿಯಾದಲ್ಲಿ 2006ರಲ್ಲಿ 64 ರೋಗಿಗಳ ಪರೀಕ್ಷೆ ಹೌದು ಎಂದಿತು. ನೆದರ್‌ಲೆಂಡ್ಸ್ ನೇತೃತ್ವದ 60 ರೋಗಿಗಳ ಪರೀಕ್ಷೆ 2011ರಲ್ಲಿ ಇಲ್ಲ ಎಂದಿತು. ಎರಡೂ ಚಿಕ್ಕವು, ಎರಡೂ ಪ್ರಾಮಾಣಿಕ. ಇಂಥ ಕಡೆ ವೈದ್ಯರು ತಮಗೆ ಒಪ್ಪಿಗೆಯಾದುದನ್ನು ಉಲ್ಲೇಖಿಸಿ ಮುಂದೆ ಹೋಗುವುದು ರೂಢಿ.

ಇಷ್ಟು ಹಿನ್ನೆಲೆಯಿಂದ ನಾಲ್ಕನೆಯ, ಬಹುಶಃ ನಿಮಗೆ ಹೆಚ್ಚು ಬೇಕಾದ ಭಾಗಕ್ಕೆ ಹೊರಳೋಣ. ಯಾವುದು ಕೆಲಸ ಮಾಡುತ್ತದೆ?

ನಮ್ಮ ಮನೆಗಳಲ್ಲಿ ನೆಗಡಿ ಬಂದರೆ ಮೊದಲು ಏಳುವುದು ಹಬೆಯ ಪಾತ್ರೆ. ತಲೆಯ ಮೇಲೆ ಟವೆಲ್, ನೀರಿಗೆ ನೀಲಗಿರಿ ಎಣ್ಣೆಯೋ ತುಳಸಿಯೋ. ಇಂಗ್ಲೆಂಡಿನಲ್ಲಿ 871 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಹಬೆಯನ್ನೂ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನೂ ಒಟ್ಟಿಗೆ ಅಳೆಯಿತು. ಹಬೆಯಿಂದ ತಲೆನೋವು ಸ್ವಲ್ಪ ಕಡಿಮೆಯಾದದ್ದು ಬಿಟ್ಟರೆ ಸೈನಸ್ ಲಕ್ಷಣಗಳಿಗೆ ಉಪಯೋಗವಾಗಲಿಲ್ಲ. ಮೂಗು ತೊಳೆದವರಿಗೆ ಆರು ತಿಂಗಳ ಮೇಲೂ ಸಾಧಾರಣ ಮಟ್ಟದ ಲಾಭ ಉಳಿದಿತ್ತು. ಹಬೆ ಹಿತವೆನಿಸಿದರೆ ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ. ಕುದಿನೀರು ಚೆಲ್ಲಿ ಸುಟ್ಟುಕೊಂಡವರನ್ನು ನೋಡಿದ ಮೇಲೆ ಎಚ್ಚರಿಕೆಯೊಂದನ್ನು ಮಾತ್ರ ಸೇರಿಸುತ್ತೇನೆ.

ಮೂಗು ತೊಳೆಯುವುದು ಹಠಯೋಗದ ಜಲನೇತಿಯೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕುಟುಂಬ ವೈದ್ಯರು 76 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2002ರಲ್ಲಿ ಅನುಕೂಲಕರ ಫಲಿತಾಂಶ ಪ್ರಕಟಿಸಿದರು. ಈಗ ಅದು ಪಾಶ್ಚಾತ್ಯ ಮಾರ್ಗದರ್ಶಿಗಳ ಮೊದಲ ಸಾಲಿನಲ್ಲಿದೆ. ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು ಎಂದು ಹೆಮ್ಮೆಪಡುವ ಮೊದಲು ಒಂದು ಸಂಗತಿ. 2011ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ನಲ್ಲಿನೀರಿನಿಂದ ನೇತಿ ಮಾಡಿಕೊಂಡ ಇಬ್ಬರು, ನೀರಿನಲ್ಲಿದ್ದ ನೇಗ್ಲೀರಿಯ ಎಂಬ ಅಮೀಬಾ ಮೆದುಳಿಗೇರಿ ತೀರಿಕೊಂಡರು. ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಬೋರ್‌ವೆಲ್, ಟ್ಯಾಂಕು, ನಲ್ಲಿ, ಯಾವುದರ ನೀರಾದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಉಪ್ಪುನೀರಿನ ನಂತರ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್. ಆ ಹೆಸರು ಕೇಳಿ ಹೆದರುವ ಅಗತ್ಯವಿಲ್ಲ, ದೇಹಕ್ಕೆ ಇಳಿಯುವ ಪ್ರಮಾಣ ಅತ್ಯಲ್ಪ. ಇವೆರಡನ್ನು ತಿಂಗಳುಗಟ್ಟಲೆ ಬಿಡದೆ ಮಾಡುವ ರೋಗಿಗಳು ಮಾತ್ರ ವಿರಳ.

ಇವಕ್ಕೂ ಬಗ್ಗದಿದ್ದರೆ? ಬ್ರಿಟನ್ನಿನ ಮ್ಯಾಕ್ರೊ ಪರೀಕ್ಷೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಐನೂರಕ್ಕೂ ಹೆಚ್ಚು ರೋಗಿಗಳನ್ನು ಲಾಟರಿ ಕ್ರಮದಲ್ಲಿ ಮೂರು ಗುಂಪು ಮಾಡಿದರು: ಶಸ್ತ್ರಚಿಕಿತ್ಸೆ, ಮೂರು ತಿಂಗಳ ಕ್ಲಾರಿತ್ರೊಮೈಸಿನ್ (ಎರಿತ್ರೊಮೈಸಿನ್ ಗುಂಪಿನದೇ ಆಂಟಿಬಯಾಟಿಕ್), ಹುಸಿಮಾತ್ರೆ. ಎಲ್ಲರಿಗೂ ಮೂಗಿನ ಸ್ಟೀರಾಯ್ಡ್ ಮತ್ತು ಉಪ್ಪುನೀರು ಇದ್ದೇ ಇತ್ತು. 2025ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಲ್ಲಿ ಕ್ಲಾರಿತ್ರೊಮೈಸಿನ್ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಶಸ್ತ್ರಚಿಕಿತ್ಸೆಯ ಗುಂಪಿನ ಸ್ನಾಟ್–22 ಆರು ತಿಂಗಳಿಗೆ ಉಳಿದವರಿಗಿಂತ ಸುಮಾರು 20 ಅಂಕ ಕೆಳಗಿತ್ತು. ನಮ್ಮ ಅಳತೆಗೋಲು 9 ಎಂಬುದು ನೆನಪಿರಲಿ.

ಶಸ್ತ್ರಚಿಕಿತ್ಸಕರು ಚಪ್ಪಾಳೆ ತಟ್ಟುವ ಮೊದಲು ಇನ್ನೊಂದು ಪರೀಕ್ಷೆಯನ್ನೂ ಮುಂದಿಡಬೇಕು. ಮೂಗಿನಲ್ಲಿ ದುರ್ಮಾಂಸ ಬೆಳೆದ 238 ರೋಗಿಗಳ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಔಷಧದಲ್ಲಿದ್ದವರಿಗೂ ಇದ್ದ ವ್ಯತ್ಯಾಸ ಸುಮಾರು 5 ಅಂಕ ಮಾತ್ರ. ರೋಗಿಗೆ ಅರಿವಾಗುವ ಗೆರೆಯನ್ನು ಅದು ದಾಟಲಿಲ್ಲ. ಎರಡೂ ಒಳ್ಳೆಯ ಪರೀಕ್ಷೆಗಳೇ. ಆಯ್ದ ರೋಗಿಗಳು ಬೇರೆ, ಔಷಧದ ಗುಂಪಿಗೆ ಕೊಟ್ಟ ಚಿಕಿತ್ಸೆ ಬೇರೆ, ಅಳೆದ ಸಮಯ ಬೇರೆ. ಇದರ ಮೇಲೆ, ಶಸ್ತ್ರಚಿಕಿತ್ಸೆಯನ್ನು ರೋಗಿಯಿಂದ ಮರೆಮಾಚಲಾಗದು; ತನಗೆ ದೊಡ್ಡದೇನೋ ಮಾಡಿದ್ದಾರೆ ಎಂದು ತಿಳಿದವನ ಪ್ರಶ್ನಾವಳಿ ಉತ್ತರದಲ್ಲಿ ಆ ತಿಳಿವಳಿಕೆಯೂ ಸೇರಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಔಷಧವನ್ನು ಸರಿಯಾಗಿ ಬಳಸಿಯೂ ನರಳುವವರಿಗೆ ಶಸ್ತ್ರಚಿಕಿತ್ಸೆಯನ್ನು ತಡಮಾಡಬಾರದು, ತಿಂಗಳುಗಟ್ಟಲೆ ಆಂಟಿಬಯಾಟಿಕ್ ಬರೆಯುವುದನ್ನು ನಿಲ್ಲಿಸಬೇಕು.

ದುರ್ಮಾಂಸದ ಮಾತು ಬಂದದ್ದರಿಂದ ಕೊನೆಯ ಸಂಗತಿ. ದೀರ್ಘಕಾಲಿಕ ಸೈನಸೈಟಿಸ್ ಒಂದೇ ರೋಗವಲ್ಲ ಎಂದು ಬೆಲ್ಜಿಯಂನ ಗೆಂಟ್‌ನಲ್ಲಿ ಕ್ಲೌಸ್ ಬಾಕರ್ಟ್ ಮತ್ತು ಸಂಗಡಿಗರು ಅಂಗಾಂಶ ಪರೀಕ್ಷೆಗಳಿಂದ ತೋರಿಸುತ್ತ ಬಂದಿದ್ದಾರೆ. ಯುರೋಪಿನಲ್ಲಿ ದುರ್ಮಾಂಸ ಇರುವವರ ಪೈಕಿ ಹೆಚ್ಚಿನವರಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು, ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶ ಪ್ರೋಟೀನುಗಳು ಮುಂಚೂಣಿಯಲ್ಲಿರುತ್ತವೆ. ಇವರಲ್ಲಿ ಕೆಲವರಿಗೆ ಆಸ್ತಮಾ ಇದ್ದು ಆಸ್ಪಿರಿನ್ನಿನಂಥ ನೋವಿನ ಮಾತ್ರೆ ನುಂಗಿದ ಕೂಡಲೇ ಉಸಿರು ಕಟ್ಟುತ್ತದೆ. ದುರ್ಮಾಂಸ ಕಂಡಾಗ ಈ ಪ್ರಶ್ನೆ ಕೇಳದೆ ರೋಗಿಯನ್ನು ಕಳಿಸಬಾರದು. ಆ ಪ್ರೋಟೀನುಗಳಲ್ಲಿ 4 ಮತ್ತು 13ರ ಸಂದೇಶವನ್ನು ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದಿನ ಎರಡು ಪರೀಕ್ಷೆಗಳು, ಒಟ್ಟು 724 ರೋಗಿಗಳದ್ದು, 2019ರಲ್ಲಿ ಪ್ರಕಟವಾದವು. ದುರ್ಮಾಂಸ ಕುಗ್ಗಿತು. ವರ್ಷಗಳಿಂದ ಕಾಫಿಯ ಘಮ ಮರೆತವರಿಗೆ ವಾಸನೆ ಮರಳಿತು. 24 ವಾರಕ್ಕೆ ಔಷಧ ನಿಲ್ಲಿಸಿದವರಲ್ಲಿ ತೊಂದರೆಯೂ ಮರಳತೊಡಗಿತು. ಅಂದರೆ ಇದು ಗುಣಪಡಿಸುವ ಮದ್ದಲ್ಲ, ಹಿಡಿದಿಡುವ ಮದ್ದು, ಅದೂ ಬಹಳ ದುಬಾರಿ. ಯುರೋಪಿನವರೇ ಇದನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರವೂ ರೋಗ ಮರುಕಳಿಸಿದವರಿಗೆ, ಷರತ್ತುಗಳೊಂದಿಗೆ ಕೊಡುತ್ತಾರೆ.

ನಮ್ಮ ದೇಶದ ಚಿತ್ರ ಇದರಿಂದ ಸ್ವಲ್ಪ ಭಿನ್ನ. ಎಲ್ಲ ಸೈನಸೈಟಿಸ್‌ಗೂ ಶಿಲೀಂಧ್ರವೇ ಕಾರಣ ಎಂಬ ಸಿದ್ಧಾಂತ ಬಿದ್ದುಹೋದರೂ, ಅಲರ್ಜಿಕ್ ಫಂಗಲ್ ಸೈನಸೈಟಿಸ್ ಎಂಬ ಪ್ರತ್ಯೇಕ ಬಗೆಯೊಂದು ನಿಜವಾಗಿಯೂ ಇದೆ, ಭಾರತದಲ್ಲಿ ಅದು ಅಪರೂಪವಲ್ಲ. ಚಂಡೀಗಢದ ಪಿಜಿಐ ಸಂಸ್ಥೆಯಲ್ಲಿ ಅರುಣಲೋಕ್ ಚಕ್ರವರ್ತಿ ಮತ್ತು ತಂಡ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದೆ. ಇಲ್ಲಿ ಮುಖ್ಯವಾಗಿ ಸಿಗುವುದು ಆಸ್ಪರ್ಜಿಲಸ್ ಫ್ಲೇವಸ್. ಹೆಚ್ಚಾಗಿ ಹರೆಯದವರಿಗೆ ಬರುತ್ತದೆ. ಗಟ್ಟಿ ಅಂಟಿನಂಥ ಕಂದು ಲೋಳೆ ಗೂಡುಗಳನ್ನು ತುಂಬಿ, ಮೂಳೆಯನ್ನು ಸವೆಸಿ, ಕಣ್ಣನ್ನು ಹೊರಕ್ಕೆ ತಳ್ಳುತ್ತದೆ. ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯೇ, ಅದರಲ್ಲಿ ವಿವಾದವಿಲ್ಲ. ಮತ್ತೆ ಬೆಳೆಯದಂತೆ ತಡೆಯಲು ಸ್ಟೀರಾಯ್ಡನ್ನು ಎಷ್ಟು ದಿನ ಕೊಡಬೇಕು, ಶಿಲೀಂಧ್ರನಾಶಕ ಮಾತ್ರೆ ಸೇರಿಸಬೇಕೇ ಎಂಬಲ್ಲಿ ಒಬ್ಬೊಬ್ಬ ವೈದ್ಯರದು ಒಂದೊಂದು ಕ್ರಮ. ಮ್ಯಾಕ್ರೊ ಗಾತ್ರದ ಪರೀಕ್ಷೆ ಆಗಬೇಕಾದದ್ದು ಇಲ್ಲಿಯೇ. ಅದಕ್ಕೆ ದುಬಾರಿ ಯಂತ್ರವೇನೂ ಬೇಡ; ಎಂಡೋಸ್ಕೋಪು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿದೆ, ಎರಡೂ ಔಷಧಗಳು ಹಳೆಯವು, ಅಗ್ಗದವು. ಕಷ್ಟವಿರುವುದು ಶಸ್ತ್ರಕ್ರಿಯೆಯಾಗಿ ಉಸಿರು ಹಗುರಾದ ಯುವಕನನ್ನು, ತೊಂದರೆಯೇನೂ ಇಲ್ಲದಿರುವಾಗಲೂ, ಮೂರು ತಿಂಗಳಿಗೊಮ್ಮೆ ಎರಡು ಮೂರು ವರ್ಷ ಪರೀಕ್ಷೆಗೆ ಕರೆಸಿಕೊಳ್ಳುವುದರಲ್ಲಿ. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿಗೆ ಬಂದುಹೋಗುವ ಖರ್ಚು ಮತ್ತು ಆ ದಿನಗಳ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದನ್ನು ಸಂಶೋಧನೆಯ ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕು.